ಕುಣಿಗಲ್ ಲೈನಿಗೆ ದನಿ ಬರಿಸಿದ್ದು

ಮೋಡೆಮ್ ಎಂಬ ವಸ್ತುವನ್ನು ನಾನು ಯಾವತ್ತೂ ಇಷ್ಟಪಟ್ಟವನಲ್ಲ. ಆದರೆ ಕುಣಿಗಲ್ ಡಿಪೋದವನ ಪಕ್ಕದಲ್ಲಿಟ್ಟು ನೋಡಿದರೆ ಮೋಡೆಮೇ ವಾಸಿ ಅನ್ನಿಸುತ್ತಿತ್ತು. ಮೋಡೆಮ್ ಕೈಕೊಟ್ಟರೆ ಒಂದು ಕೆಂಪು ದೀಪವಾದರೂ ಆರಿ ಸುಳಿವು ಕೊಡುತ್ತದೆ. ಇವನು ಕೈಕೊಟ್ಟರೆ ಅದು ನನ್ನ ತಪ್ಪಾಗುತ್ತಿತ್ತು.

ಆಗ ನಾನು ತುಮಕೂರು ಪಕ್ಕದ ಅಂತರಸನಹಳ್ಳಿಯ ಒಂದು ದನದ ಫೀಡ್ ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ನೋಡಿಕೊಳ್ಳುವುದೆಂದರೆ ಧೂಳು ಒರೆಸುವುದರಿಂದ ಹಿಡಿದು ಬೈಸಿಕೊಳ್ಳುವವರೆಗೆ ಎಲ್ಲವೂ. ಮಿಲ್ಲಿಗೆ ಗುಬ್ಬಿಯಲ್ಲೊಂದು, ಕುಣಿಗಲ್ಲಿನಲ್ಲೊಂದು ಡಿಪೋ ಇದ್ದವು. ಸಂಜೆ ಆರೂವರೆಗೆ ಆ ಎರಡೂ ಕಡೆಯ ಕಂಪ್ಯೂಟರುಗಳು ಫೋನ್ ಲೈನಿನ ಮೇಲೆ ತುಮಕೂರಿನ ನಮ್ಮ ಕಂಪ್ಯೂಟರಿಗೆ ಡಯಲ್ ಮಾಡಿ, ಆ ದಿನ ಎಷ್ಟು ಚೀಲ ಹೋಯಿತು, ಎಷ್ಟು ಉಳಿಯಿತು ಎಂದು ಒಪ್ಪಿಸಬೇಕು. ಅದನ್ನು ನೋಡಿಕೊಂಡು ಬೆಳಿಗ್ಗೆ ಲಾರಿಗೆ ಲೋಡು. ಮೂರೂ ಕಡೆ ಲಿನಕ್ಸ್ ಹಾಕಿದವನು ನಾನೇ. ಪುಕ್ಕಟೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಓನರ್ ಒಪ್ಪಿದ್ದರು. ನನಗೆ ಮಾತ್ರ ಅದರ ಮೇಲೆ ಇಲ್ಲದ ಅಭಿಮಾನ. ಅದು ಕೆಟ್ಟಿದೆ ಎಂದು ಯಾರಾದರೂ ಅಂದರೆ ನನ್ನ ಮನೆಯವರನ್ನು ಅಂದಷ್ಟೇ ಮೈ ಉರಿಯುತ್ತಿತ್ತು.

ಗುಬ್ಬಿ ಲೈನ್ ಒಂದು ದಿನವೂ ತಕರಾರು ಮಾಡಲಿಲ್ಲ. ಕುಣಿಗಲ್ ಲೈನ್ ಮೊದಮೊದಲು ಚೆನ್ನಾಗಿಯೇ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ಸಂಜೆ ಹೊತ್ತು ಸತ್ತುಹೋಗತೊಡಗಿತು. ಮಧ್ಯಾಹ್ನ ಡಯಲ್ ಮಾಡಿದರೆ ಕನೆಕ್ಟ್ ಆಗುತ್ತದೆ. ಆರೂವರೆಗೆ ಮಾಡಿದರೆ ಇಲ್ಲ. ಏಳಕ್ಕಿಲ್ಲ, ಏಳೂವರೆಗಿಲ್ಲ. ಕೊನೆಗೆ ಅವನು ಎಸ್‌ಟಿಡಿ ಬೂತಿಗೆ ಹೋಗಿ ಆಫೀಸಿಗೆ ಫೋನ್ ಮಾಡಿ, ಹಿಂದೆ ಬಸ್ಸಿನ ಹಾರನ್ ಹೊಡೆದುಕೊಳ್ಳುತ್ತಿರುವಾಗ ಚೀಲದ ಲೆಕ್ಕವನ್ನು ಬಾಯಲ್ಲಿ ಓದಬೇಕು, ನಾನು ಬರೆದುಕೊಳ್ಳಬೇಕು. ಅದಕ್ಕೆ ಮುಂಚೆ ಇಬ್ಬರೂ ಒಂದಿಷ್ಟು ಕಚ್ಚಾಡಬೇಕು.

“ಏನ್ರೀ, ನಿಮ್ ಮಿಷಿನ್ನು ಫೋನೇ ಎತ್ತಲ್ಲ ಅಂತದೆ. ಮಲಗಿಸ್ಬುಟ್ರಾ?”

“ನಿಮ್ ಕಡೆಯಿಂದ ರಿಂಗೇ ಬಂದಿಲ್ಲ ಕಣ್ರೀ, ಎತ್ತೋದೇನು ಮಣ್ಣು?”

“ಬರಲ್ಲ ಅಂದ್ರೆ ನೀವ್ ಹಾಕಿರೋ ಆ ದರಿದ್ರ ಲಿನಕ್ಸ್‌ನ ತೆಗ್ದು ಬಿಸಾಕಿ. ಊರೋರೆಲ್ಲ ಹಾಕ್ಕೊಳದು ಹಾಕ್ಕೊಡಿ.”

ಎರಡು ತಿಂಗಳು ಇದೇ. ಒಮ್ಮೆ ಅವನು ನನ್ನನ್ನು ಕೆಲಸ ಬಾರದವನು ಎಂದ. ನಾನು ಅವನನ್ನು ಬಟನ್ ಒತ್ತಲೂ ಬಾರದ ದನ ಎಂದೆ. ಫೀಡ್ ಮಿಲ್ಲಿನಲ್ಲಿ ಆ ಬೈಗುಳಕ್ಕೆ ಆಫೀಸಿನವರೆಲ್ಲ ನಕ್ಕರು, ನಾನು ಅದನ್ನೇ ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ.

ಓನರಿಗೆ ಬೇಸರ ಬಂತು. ಈ ತಿಂಗಳು ಮುಗಿಯುವುದರೊಳಗೆ ಕುಣಿಗಲ್ ಲೈನ್ ಸರಿಹೋಗದಿದ್ದರೆ ಡಿಪೋವನ್ನು ಅವನಿಂದ ತೆಗೆದು ಬೇರೆಯವರಿಗೆ ಕೊಡುವುದು ಎಂದುಬಿಟ್ಟರು. ನನ್ನ ಮೇಲೂ ಅವರಿಗೆ ಕೋಪವಿತ್ತು, ಆದರೆ ಹೋಗುವ ಕೆಲಸ ಅವನದು. ಅದರ ಅರ್ಥವೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವನು ಗುಬ್ಬಿ ಕಡೆಯವನು, ಕುಣಿಗಲ್ಲಿನ ತೋಟದ ಕುಳವೊಬ್ಬರ ಒಬ್ಬಳೇ ಮಗಳನ್ನು ಮದುವೆಯಾಗಿ ಮನೆ ಅಳಿಯನಾಗಿ ಬಂದು ಸೇರಿದವನು. ಡಿಪೋ ಇದ್ದದ್ದು ಮಾವನ ಮನೆಯ ಮುಂದಿನ ಕೋಣೆಯಲ್ಲೇ. ಆ ಕೆಲಸವೊಂದಿದ್ದರೆ ಅವನು ಮಿಲ್ಲಿನ ಡಿಪೋ ಮ್ಯಾನೇಜರು. ಇಲ್ಲದಿದ್ದರೆ ಮಾವನ ತಟ್ಟೆಯಲ್ಲಿ ಉಣ್ಣುತ್ತ ಮಾವನ ತೆಂಗಿನಕಾಯಿ ಕೆಡವಿಸುವವನು. ಆಫೀಸಿನಲ್ಲಿ ನಾನು ಅವನ ಹೆಸರು ಹೇಳುವುದನ್ನೇ ಬಿಟ್ಟು “ಅಳಿಯಂದ್ರು” ಎನ್ನುತ್ತಿದ್ದೆ. ಎಲ್ಲರೂ ಅದನ್ನೇ ಹಿಡಿದರು.

ಸುಮ್ಮನೆ ಬೈದುಕೊಂಡು ಕೂತಿರಲಿಲ್ಲ, ಕೆಲಸವನ್ನೂ ಮಾಡಿದೆ. ಲಿನಕ್ಸಿನಲ್ಲಿ ಮೋಡೆಮಿಗೆ ಏನು ಹೇಳಬೇಕು, ಅದು ಏನಂದರೆ ಏನು ಮಾಡಬೇಕು ಎಂಬುದನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಡುತ್ತೇವೆ. ನಡೆದದ್ದನ್ನೆಲ್ಲ ಅದು ಇನ್ನೊಂದು ಫೈಲಿನಲ್ಲಿ ದಾಖಲು ಮಾಡುತ್ತದೆ, ಅದಕ್ಕೆ ಲಾಗ್ ಎಂದು ಹೆಸರು. ಮಧ್ಯಾಹ್ನ ಲೈನ್ ಸಿಕ್ಕಾಗ ಇಲ್ಲಿಂದಲೇ ತೆರೆದು ನೋಡಿದರೆ ಕುಣಿಗಲ್ಲಿನ ಲಾಗಿನಲ್ಲಿ ದಿನಾ ಒಂದೇ ಮಾತು: ನಂಬರ್ ಡಯಲ್ ಮಾಡಿದೆ, ಕಾದೆ, ನೋ ಕ್ಯಾರಿಯರ್. ಎಂದರೆ ಆ ತುದಿಯಿಂದ ಇನ್ನೊಂದು ಮೋಡೆಮಿನ ಶಿಳ್ಳೆ ಕೇಳಿಸಲಿಲ್ಲ ಎಂದು. ಲೈನ್ ಬಿಝಿ ಎಂದಿದ್ದರೆ ಬೇರೆ ಮಾತು, ಡಯಲ್‌ಟೋನ್ ಇಲ್ಲ ಎಂದಿದ್ದರೆ ಬೇರೆ ಮಾತು. ಇದು ಎರಡೂ ಅಲ್ಲ. ಸ್ಪೀಡು ಇಳಿಸಿದೆ. ಕೇಬಲ್ ಬದಲಾಯಿಸಿ ಲಾರಿಯಲ್ಲಿ ಕಳಿಸಿದೆ. ಕಾಯುವ ಹೊತ್ತನ್ನು ನಲವತ್ತೈದು ಸೆಕೆಂಡಿನಿಂದ ಅರವತ್ತಕ್ಕೆ ಏರಿಸಿದೆ. ಗುಬ್ಬಿಯ ಫೈಲಿನಿಂದ ಡಯಲ್ ಮಾಡುವ ಸಾಲುಗಳನ್ನು ಅಕ್ಷರ ಬಿಡದೆ ನಕಲು ಮಾಡಿ ಕುಣಿಗಲ್ಲಿಗೆ ಹಾಕಿದೆ. ಏನೂ ಆಗಲಿಲ್ಲ. ಸಂಜೆ ಎಕ್ಸ್‌ಚೇಂಜಿನಲ್ಲಿ ಲೋಡು ಜಾಸ್ತಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ, ನಂಬಲಿಲ್ಲ.

ಒಂದೇ ಒಂದು ಮಾಡಬೇಕಾದ್ದನ್ನು ಮಾಡಿರಲಿಲ್ಲ. ಮೋಡೆಮಿನೊಳಗೊಂದು ಪುಟ್ಟ ಸ್ಪೀಕರ್ ಇರುತ್ತದೆ. ಡಯಲ್ ಮಾಡುವಾಗ ಲೈನಿನ ಮೇಲೆ ಏನು ಕೇಳುತ್ತಿದೆಯೋ ಅದನ್ನು ಹೊರಗೆ ಹಾಕುತ್ತದೆ. ಗೊರಗೊರ, ಕೀ, ಕಿರ್ರ್, ಆಮೇಲೆ ಕನೆಕ್ಟ್. ಡಿಪೋ ಶುರುವಾದ ವಾರವೇ ಅವನು ನನ್ನ ಮೇಲೆ ಹಾರಾಡಿದ್ದ. “ಆ ಶಬ್ದ ನಿಲ್ಸಿ ಮೊದ್ಲು. ಹಂದಿ ಕುಯ್ದಂಗಾಯ್ತದೆ. ಮನೇಲಿ ನಮ್ ಮಾವ ಬೈತಾರೆ.” ಹಾಳಾಗಿ ಹೋಗು ಎಂದುಕೊಂಡು ಫೈಲಿನಲ್ಲಿ ‘ಎಂ ಸೊನ್ನೆ’ ಎಂದು ಹಾಕಿ ಅದರ ಬಾಯಿ ಮುಚ್ಚಿಸಿದ್ದೆ. ಮುಚ್ಚಿಸಿದ್ದನ್ನು ಮರೆತಿದ್ದೆ.

ತಿಂಗಳು ಮುಗಿಯಲು ಎರಡು ವಾರವಿದ್ದಾಗ ಓನರ್ ನನ್ನನ್ನೇ ಕುಣಿಗಲ್ಲಿಗೆ ಅಟ್ಟಿದರು. ಬಸ್ಸಿನಲ್ಲಿ ಹೆಬ್ಬೂರು ದಾಟುವವರೆಗೂ ನಿಂತುಕೊಂಡೇ ಹೋದೆ. ಅವನ ಮುಖ ನೋಡಿ ಏನೇನು ಅನ್ನಬೇಕು ಎಂದು ದಾರಿಯುದ್ದಕ್ಕೂ ಸಾಲು ಸಾಲಾಗಿ ಜೋಡಿಸಿಕೊಂಡೆ.

ಮನೆ ದೊಡ್ಡದು. ಜಗುಲಿಯಲ್ಲಿ ಮಾವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಬಿಳೀ ಪಂಚೆ, ಮೈಮೇಲೊಂದು ಟವೆಲು. “ಬಾರಪ್ಪ, ತುಮಕೂರೋನಾ? ನೋಡು ಅದೇನಂತ. ದಿನಾ ಇವರ್ದು ಇದೇ ರಾಮಾಯಣ” ಎಂದರು. ಅಳಿಯ ಬಾಗಿಲಲ್ಲಿ ನಿಂತಿದ್ದ. ಫೋನಿನಲ್ಲಿ ಸಿಂಹದಂತೆ ಹಾರಾಡುವವನು ಅಲ್ಲಿ ಒಂದು ಪಕ್ಕಕ್ಕೆ ಸರಿದು, ನಾನು ಒಳಗೆ ಹೋಗಲು ಜಾಗ ಬಿಟ್ಟ. ನನಗೆ ಒಳಗೊಳಗೇ ಖುಷಿಯಾಯಿತು. ಅವನ ಹೆಂಡತಿ ಕಾಫಿ ತಂದಿಟ್ಟು ಹೋದರು.

ಐದು ಗಂಟೆಗೆ ಡಯಲ್ ಮಾಡಿಸಿದೆ. ಮೊದಲ ಸಲಕ್ಕೇ ಕನೆಕ್ಟ್. ನಾನು ಅವನ ಕಡೆ ತಿರುಗಿ, “ಏನ್ರೀ, ಆಗ್ತದಲ್ಲ?” ಎಂದೆ. ಅವನು ಗೋಡೆ ನೋಡಿದ. “ಸಂಜೆ ನೋಡಿ” ಎಂದಷ್ಟೇ ಅಂದ.

ಆರು ಹೊಡೆಯಿತು. ಮಾವ ಎದ್ದು ಒಳಗೆ ಹೋಗಿ ಕೈಕಾಲು ತೊಳೆದು ದೇವರಿಗೆ ದೀಪ ಹಚ್ಚಿದರು. ಆಮೇಲೆ ಹಾಲಿನಲ್ಲಿದ್ದ ಫೋನ್ ಎತ್ತಿ ಏನೋ ಒಂದಷ್ಟು ನಂಬರ್ ಒತ್ತಿ, ಯಾರ ಹತ್ತಿರವೂ ಮಾತಾಡದೆ ಇಟ್ಟು ಬಂದು ಕೂತರು. ಡಿಪೋಗೂ ಹಾಲಿಗೂ ಒಂದೇ ಲೈನು, ಎರಡು ಫೋನು. ನಾನು ಅದನ್ನೆಲ್ಲ ಕಣ್ಣಾರೆ ಕಂಡೆ, ಕಂಡೂ ಏನೂ ಹೊಳೆಯಲಿಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಎಕ್ಸ್‌ಚೇಂಜ್ ಒಂದೇ.

ಆರೂವರೆಗೆ ಡಯಲ್ ಮಾಡಿಸಿದೆ. ನೋ ಕ್ಯಾರಿಯರ್. ಇನ್ನೊಂದು ಸಲ. ನೋ ಕ್ಯಾರಿಯರ್. ಆಗ ನೆನಪಾಯಿತು, ಸ್ಪೀಕರ್ ಮುಚ್ಚಿಸಿರುವುದು. ಲೈನಿನ ಮೇಲೆ ಏನು ಕೇಳುತ್ತಿದೆ ಎಂದು ಕೇಳದೆ ಎರಡು ತಿಂಗಳು ಗುದ್ದಾಡಿದ್ದೇನೆ! ನನ್ನ ದಡ್ಡತನಕ್ಕೆ ನನಗೇ ಸಿಟ್ಟು ಬಂತು. ಫೈಲ್ ತೆರೆದು ‘ಎಂ ಸೊನ್ನೆ’ ಅಳಿಸಲು ಹೋದೆ. ಅವನು ಬಗ್ಗಿ ಕೀಬೋರ್ಡಿನ ಮೇಲೆ ಕೈಯಿಟ್ಟ.

“ಶಬ್ದ ಬೇಡ.”

“ಕೇಳ್ದೆ ಹೆಂಗ್ರೀ ಗೊತ್ತಾಗ್ತದೆ?”

“ಮಾವ ಅವ್ರೆ ಹೊರ್ಗೆ. ಬೇಡ ಅಂದ್ರೆ ಬೇಡ ಕಣ್ರೀ. ಬೇರೆ ಏನಾರ ನೋಡಿ.”

ಅವನ ದನಿ ಸಣ್ಣಗಿತ್ತು. ನಾನು ಅದನ್ನು ಗರ್ವವೆಂದೇ ತಿಳಿದೆ. ತುಮಕೂರಿನಿಂದ ನಿಂತುಕೊಂಡು ಬಂದವನಿಗೆ, ಎರಡು ತಿಂಗಳು ಬೈಸಿಕೊಂಡವನಿಗೆ, ಹೇಗೆ ಕೆಲಸ ಮಾಡಬೇಕೆಂದು ಇವನು ಹೇಳಿಕೊಡುತ್ತಾನೆ. ಅವನ ಕೈಯನ್ನು ಸರಿಸಿದೆ. ‘ಎಂ ಒಂದು’ ಎಂದು ಹಾಕಿದೆ. ಅಷ್ಟೇ ಸಾಕಾಗಿತ್ತು. ಹಟಕ್ಕೆ ಬಿದ್ದು ‘ಎಲ್ ಮೂರು’ ಎಂದೂ ಸೇರಿಸಿದೆ. ಅದು ಮೋಡೆಮಿನ ಅತಿ ದೊಡ್ಡ ದನಿ.

ನಂಬರುಗಳು ಟಿಣಟಿಣ ಎಂದು ಕೋಣೆಯೆಲ್ಲ ತುಂಬಿದವು. ಆಮೇಲೆ ಶಿಳ್ಳೆ ಬರಲಿಲ್ಲ. ಒಬ್ಬ ಹೆಂಗಸಿನ ದನಿ ಬಂತು, ಬಹಳ ಮರ್ಯಾದೆಯ ದನಿ. ಈ ದೂರವಾಣಿಯ ಎಸ್‌ಟಿಡಿ ಸೌಲಭ್ಯವನ್ನು ಲಾಕ್ ಮಾಡಲಾಗಿದೆ, ದಯವಿಟ್ಟು ಗಮನಿಸಿ ಎಂದಿತು. ಅದನ್ನೇ ಹಿಂದಿಯಲ್ಲಿ ಹೇಳಿತು, ಇಂಗ್ಲಿಷಿನಲ್ಲಿ ಹೇಳಿತು. ಮತ್ತೆ ಕನ್ನಡದಲ್ಲಿ ಶುರುಮಾಡಿತು. ಎರಡು ತಿಂಗಳಿಂದ ಆ ಹೆಂಗಸು ದಿನಾ ಸಂಜೆ ಮೋಡೆಮಿನೊಳಗೆ ಇದನ್ನೇ ಹೇಳುತ್ತಿದ್ದಳು. ನಾನು ನಿಲ್ಲಿಸಲು ಹೋಗಲಿಲ್ಲ, ಅರವತ್ತು ಸೆಕೆಂಡೂ ಓಡಲು ಬಿಟ್ಟೆ.

ಜಗುಲಿಯಿಂದ ಮಾವನ ಮಾತು ಬಂತು. “ಆರ್ ಗಂಟೆ ಮೇಲೆ ಈ ಮನೇಲಿ ಫೋನಿಗೆ ಲಾಕು. ಅಳಿಯಂದ್ರಿಗೆ ಗೊತ್ತಲ್ಲಪ್ಪ. ನಿಂಗೆ ಹೇಳ್ಲಿಲ್ವಾ?”

ನಾನು ಅವನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು. ಎರಡು ತಿಂಗಳೂ ಗೊತ್ತಿತ್ತು.

ಮಾವ ನಿಧಾನವಾಗಿ ಒಳಗೆ ಬಂದರು. ಅವರಿಗೆ ಕೋಪವೇನೂ ಇರಲಿಲ್ಲ, ಅದೇ ಇನ್ನೂ ಹೇಸಿಗೆ ಅನ್ನಿಸಿತು. “ದಿನಾ ಸಂಜೆಯಾದ್ರೆ ಗುಬ್ಬಿಗೆ ಫೋನು. ಅವ್ರವ್ವ ಉಂಡ್ಳಾ, ಅವ್ರವ್ವ ಮಲಗಿದ್ಳಾ. ಅರ್ಧರ್ಧ ಗಂಟೆ. ಈ ಮನೆಗೆ ಬಂದ್ಮೇಲೆ ಈ ಮನೆಯೋರಾಗಿರ್ಬೇಕು ತಾನೆ? ಅದ್ಕೆ ಒಂದ್ ಲಾಕ್ ಹಾಕ್ಸ್ದೆ. ಮಿಲ್ ಕೆಲ್ಸಕ್ಕೆ ಬೇಕು ಅಂತ ಬಾಯ್ಬಿಟ್ಟು ಕೇಳಿದ್ರೆ ನಾನೇನ್ ಬ್ಯಾಡ ಅಂತಿದ್ನಾ?”

ಆಮೇಲೆ ಅಡುಗೆಮನೆ ಕಡೆ ತಿರುಗಿ, “ಮಗಾ, ಬಂದು ಲಾಕ್ ತೆಗಿಯವ್ವ” ಎಂದರು.

ಅವನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಹಾಲಿನ ಫೋನ್ ಎತ್ತಿದರು. ಚೀಟಿ ನೋಡಲಿಲ್ಲ, ಅಪ್ಪನನ್ನು ಕೇಳಲಿಲ್ಲ. ಪಟಪಟನೆ ಲಾಕಿನ ನಂಬರ್ ಒತ್ತಿ ಇಟ್ಟರು. ಅವನು ಬಾಗಿಲಲ್ಲಿ ನಿಂತು ಹೆಂಡತಿಯ ಬೆರಳುಗಳನ್ನೇ ನೋಡುತ್ತಿದ್ದ. ಆ ಯಮ್ಮನಿಗೆ ನಂಬರ್ ಬಾಯಿಪಾಠವಿತ್ತು ಎನ್ನುವುದು ಅವನಿಗೆ ಆವತ್ತೇ ಗೊತ್ತಾದದ್ದು. ಅವನ ಮುಖದಲ್ಲಿ ಅದು ಬರೆದ ಹಾಗಿತ್ತು. ಅವರು ಅವನತ್ತ ನೋಡದೆ ಒಳಗೆ ಹೋದರು.

ನಾನು ಡಯಲ್ ಮಾಡಿಸಿದೆ. ಗೊರಗೊರ, ಕೀ, ಕಿರ್ರ್, ಕನೆಕ್ಟ್. ಆ ದಿನದ ಚೀಲಗಳ ವಿವರ ನಿಮಿಷದೊಳಗೆ ತುಮಕೂರು ಸೇರಿತು. “ನಮ್ ಲಿನಕ್ಸ್‌ದೇನೂ ತಪ್ಪಿಲ್ಲ” ಎಂದು ಗಟ್ಟಿಯಾಗಿ ಹೇಳಿದೆ. ಯಾರಿಗೆ ಹೇಳಿದೆನೋ.

ಬಸ್‌ಸ್ಟ್ಯಾಂಡಿನವರೆಗೆ ಅವನು ಜೊತೆಗೆ ಬಂದ. ಅರ್ಧ ದಾರಿಯಲ್ಲಿ ನಿಂತ.

“ಕೇಳಿದ್ರೆ ಕೊಡ್ತಿದ್ರು. ಅದು ನಂಗೂ ಗೊತ್ತು. ದಿನಾ ಸಂಜೆ ಕೇಳ್ಬೇಕಲ್ಲ. ಮಾವ, ವಸಿ ಲಾಕ್ ತೆಗೀರಿ ಅಂತ. ನಂಗಾಗಲ್ಲ. ಅದ್ಕಿಂತ ನಿನ್ ಜೊತೆ ಜಗಳ ಆಡೋದೇ ವಾಸಿ ಅನ್ನುಸ್ತು.”

ಮೊದಲ ಬಾರಿಗೆ ಏಕವಚನದಲ್ಲಿ ಮಾತಾಡಿದ್ದ. ಮತ್ತೆ ಹೆಜ್ಜೆ ಹಾಕುತ್ತ ಅವನೇ ಕೇಳಿದ.

“ಹೊರಗಿಂದ ಬರೋ ಫೋನಿಗೆ ಲಾಕಿಲ್ಲ. ನಿಮ್ ಮಿಷಿನ್ನೇ ಅಲ್ಲಿಂದ ನಮ್ದಕ್ಕೆ ಮಾಡೋ ಹಂಗೆ ಮಾಡಕ್ಕಾಯ್ತದಾ?”

ಆಗುತ್ತಿತ್ತು. ನನಗೇ ಎಂದೋ ಹೊಳೆಯಬೇಕಿತ್ತು. “ಹತ್ತು ಸಾಲಿನ ಕೆಲ್ಸ” ಎಂದೆ.

“ಮಾಡು ಹಂಗಾರೆ. ಇದು ಆಫೀಸಲ್ಲಿ ಯಾರಿಗೂ ಬೇಡ. ಮೋಡೆಮ್ ಕೆಟ್ಟಿತ್ತು ಅನ್ನು, ನಂಗೆ ಗೊತ್ತಾಗ್ಲಿಲ್ಲ ಅನ್ನು, ಏನಾರ ಅನ್ನು.”

“ಆಯ್ತು” ಎಂದು ಬಸ್ಸು ಹತ್ತಿದೆ.

ಮರುದಿನ ಮಧ್ಯಾಹ್ನ ಅವನ ಕಂಪ್ಯೂಟರ್ ಕನೆಕ್ಟ್ ಆದಾಗ ಇಲ್ಲಿಂದಲೇ ಅದರೊಳಗೆ ಹೋಗಿ, ಆರೂವರೆಗೆ ಬರುವ ಕರೆಯನ್ನು ಮೋಡೆಮ್ ತಾನೇ ಎತ್ತಿಕೊಳ್ಳುವಂತೆ ಮಾಡಿದೆ. ನಮ್ಮ ಕಡೆ ಕ್ರಾನ್ ಎಂಬುದರಲ್ಲಿ ಒಂದು ಸಾಲು ಬರೆದೆ. ಹೇಳಿದ ಹೊತ್ತಿಗೆ ಹೇಳಿದ ಕೆಲಸವನ್ನು, ಬೇಡ ಎನ್ನುವವರೆಗೂ ದಿನಾ ಮಾಡುವ ಏರ್ಪಾಡು ಅದು. ಆರೂವರೆಗೆ ಕುಣಿಗಲ್ಲಿಗೆ ಡಯಲ್ ಮಾಡು, ಆಗದಿದ್ದರೆ ಮೂರು ಸಲ ಪ್ರಯತ್ನಿಸು. ನಾಲ್ಕು ದಿನ ಹೂವೆತ್ತಿದಂತೆ ನಡೆಯಿತು. ಅವನು ಬೂತಿನಿಂದ ಫೋನ್ ಮಾಡುವುದು ನಿಂತಿತು.

ಐದನೇ ದಿನ ಓನರ್ ಎಲ್ಲರ ಮುಂದೆ ಕೇಳಿದರು. “ಅಂತೂ ಸರಿಹೋಯ್ತಲ್ಲ. ಎರಡ್ ತಿಂಗ್ಳು ಏನಾಗಿತ್ತಪ್ಪ ಅದಕ್ಕೆ? ನಿಂದೇ ಏನೋ ಎಡವಟ್ಟಿರ್ಬೇಕು.”

ನನ್ನದೇ ಎಡವಟ್ಟು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಮಾತು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನಾನು ಹೇಳಿದೆ. ಮಾವ ಲಾಕ್ ಹಾಕಿದ್ದು, ಅಮ್ಮನಿಗೆ ಫೋನ್ ಮಾಡುತ್ತಾನೆಂದು ಹಾಕಿದ್ದು, ಹೆಂಡತಿಗೆ ನಂಬರ್ ಗೊತ್ತಿದ್ದು ಗಂಡನಿಗೆ ಹೇಳದಿದ್ದದ್ದು, ಎಲ್ಲವನ್ನೂ ಹೇಳಿದೆ. ಫೋನಿನೊಳಗಿನ ಆ ಹೆಂಗಸಿನ ಮರ್ಯಾದೆಯ ದನಿಯನ್ನೂ ಅಣಕಿಸಿ ತೋರಿಸಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾತು ಕೊಟ್ಟದ್ದು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ನಗು ಬೇಕಾಗಿತ್ತು ನನಗೆ.

ಓನರ್ ಮಾತ್ರ ನಗಲಿಲ್ಲ. “ಅಳಿಯನ ಕೈಗೆ ಫೋನ್ ಕೊಡ್ದಿರೋ ಮನೇಲಿ ನನ್ ಮಾಲ್ ಇಡ್ಲಾ?” ಎಂದರು. ತಿಂಗಳು ಮುಗಿಯುವ ಮೊದಲೇ ಡಿಪೋ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಮಳಿಗೆಗೆ ಹೋಯಿತು, ಬೇರೊಬ್ಬರ ಕೈಗೆ. ಅಲ್ಲಿಗೆ ಹೊಸ ಫೋನು, ಹೊಸ ನಂಬರು. ಹಳೆಯ ಡಿಪೋದ ಮೋಡೆಮನ್ನು ಅವನು ಲಾರಿ ಡ್ರೈವರ್ ಕೈಯಲ್ಲಿ ಕಳಿಸಿದ. ವೈರನ್ನೆಲ್ಲ ನೀಟಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದ. ಅವನು ಗಂಟುಮೂಟೆ ಕಟ್ಟಿಕೊಂಡು ಗುಬ್ಬಿಗೆ ಅವ್ವನ ಮನೆಗೆ ಹೋದನೆಂದೂ ಹೆಂಡತಿಯನ್ನು ಅಪ್ಪ ಕಳಿಸಲಿಲ್ಲವೆಂದೂ ಡ್ರೈವರ್ ಹೇಳಿದ. ನಾನು ಮೋಡೆಮನ್ನು ಕಪಾಟಿನಲ್ಲಿಟ್ಟೆ.

ಅದಾಗಿ ಎರಡು ವಾರವಿರಬೇಕು. ಕ್ರಾನ್ ಬಂದ ಮೇಲೆ ನಾನು ಆರಕ್ಕೇ ಮನೆಗೆ ಹೋಗುತ್ತಿದ್ದೆ; ಆವತ್ತು ಸ್ಟಾಕ್ ತೆಗೆಯುವುದಿತ್ತು, ಸಂಜೆ ಆಫೀಸಿನಲ್ಲಿ ನಾನೊಬ್ಬನೇ ಉಳಿದಿದ್ದೆ. ಆರೂವರೆಗೆ ಮೋಡೆಮ್ ಡಯಲ್ ಮಾಡತೊಡಗಿತು. ಹೊಸ ಡಿಪೋದ ನಂಬರಿಗಿರಬೇಕು ಎಂದುಕೊಂಡೆ. ಅಲ್ಲ. ಹೊಸ ನಂಬರ್ ಹಾಕುವಾಗ ಹಳೆಯ ಸಾಲನ್ನು ಅಳಿಸಲು ಮರೆತಿದ್ದೆ. ನಮ್ಮ ಕಡೆಯ ಮೋಡೆಮಿನ ಬಾಯಿ ಮುಚ್ಚಿಸಿರಲಿಲ್ಲ; ಅದರ ಸ್ಪೀಕರಿನಲ್ಲಿ ಎರಡು ರಿಂಗು ಕೇಳಿಸಿತು, ಯಾರೋ ಎತ್ತಿದರು.

“ಹಲೋ?”

ಡಯಲ್ ಮಾಡಿದ ಮೋಡೆಮ್ ಆ ಕಡೆಯ ಶಿಳ್ಳೆಗೆ ಕಾಯುತ್ತದೆ. ಬರದಿದ್ದರೆ ಅರವತ್ತು ಸೆಕೆಂಡು ಸುಮ್ಮನಿದ್ದು ಇಟ್ಟುಬಿಡುತ್ತದೆ. ಆ ಅರವತ್ತನ್ನು ನಾನೇ ಹಾಕಿದ್ದು.

“ರೀ? ನೀವೇ ಅಂತ ಗೊತ್ತು. ಮಾತಾಡಿ. ಅಪ್ಪ ತೋಟುಕ್ ಹೋಗವ್ರೆ.” ಕುರ್ಚಿ ಎಳೆದುಕೊಂಡ ಸದ್ದು. “ದಿನಾ ಮಾಡ್ತೀರ, ದಿನಾ ಸುಮ್ನಿರ್ತೀರ. ನಾನು ಮಾಡಿದ್ರೆ ಅತ್ತೆ ಇಟ್ಬುಡ್ತಾರೆ. ಆ ಲಾಕ್ ನಂಬರು ನಿಮ್ಗೆ ಹೇಳ್ಬೇಕಾಗಿತ್ತು ಕಣ್ರೀ. ಅಪ್ಪಂಗೆ ಹೆದ್ರುಕೊಂಡೆ. ಹೂಂ ಅನ್ನಿ ಸಾಕು, ಬಸ್ ಹತ್ತಿ ಬರ್ತೀನಿ. ರೀ?”

ಮೋಡೆಮ್ ಇಟ್ಟಿತು. ಲಾಗ್ ತೆರೆದು ನೋಡಿದೆ. ಹದಿಮೂರು ದಿನ, ದಿನಕ್ಕೆ ಮೂರು ಸಲ, ಪ್ರತಿ ಸಲವೂ ನೋ ಕ್ಯಾರಿಯರ್. ನೋಡುತ್ತಿರುವಾಗಲೇ ಅದು ಎರಡನೇ ಸಲ ಡಯಲ್ ಮಾಡಿತು. ಈ ಸಲ ಅವರು ಅರ್ಧ ರಿಂಗಿಗೇ ಎತ್ತಿದರು. ನನ್ನ ಕೈ ಪಕ್ಕದಲ್ಲೇ ಅದೇ ಲೈನಿನ ಫೋನಿತ್ತು. ಎತ್ತಿ, ನಾನು ಇಂಥವನು, ಇದು ನಿಮ್ಮ ಯಜಮಾನರಲ್ಲ, ಅವರು ಹೋಗಲು ನಾನೇ ಕಾರಣ ಎಂದು ಹೇಳಬಹುದಿತ್ತು. ನಾನು ಕ್ರಾನಿನ ಹಳೆಯ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿ, ಅದು ಇನ್ನು ಓಡದ ಹಾಗೆ ಸೇವ್ ಮಾಡಿದೆ. ಮೂರನೇ ಸಲದ ಡಯಲಿಗೆ ಕಾಯದೆ ಮೋಡೆಮಿನ ಸ್ವಿಚ್ ಆರಿಸಿದೆ.

ಮಾರನೇ ದಿನ ಆರೂವರೆಗೆ ಕುಣಿಗಲ್ಲಿನ ಆ ಮನೆಯಲ್ಲಿ ಫೋನ್ ರಿಂಗಾಗಲಿಲ್ಲ. ಅವರು ಅದರ ಪಕ್ಕದಲ್ಲೇ ಕೂತಿದ್ದಿರಬೇಕು.